ಎಲಿಯಟ್ ಕಂಡ ಬಿಲ ಇಲಿ

ರಾತ್ರಿಯ ಹೊತ್ತು ಕುಪ್ಪಳಿಸಿ ತಿರುಗುವ ಪುಟ್ಟ ಪ್ರಾಣಿ ಎಂದರೆ ವಿಜಯನಗರ, ರಾಜಾಜಿನಗರಗಳ ನನ್ನ ವಿದ್ಯಾರ್ಥಿಗಳಿಗೆ ಆಸ್ಟ್ರೇಲಿಯವೇ ನೆನಪಾಗುತ್ತದೆ. ಅದು ಸಹಜವೇ. ಕಾಂಗರೂವಿನ ದಾಯಾದಿಯಾದ ಬೆಟ್ಟಾಂಗುಗಳಲ್ಲಿ ಒಂದು ಜಾತಿ ಬಿಲ ತೋಡಿ ಗುಂಪಾಗಿ ಬಾಳುತ್ತದೆ. ಇರುಳಾದ ಮೇಲೆ ಹೊರಬಂದು ಹಿಂಗಾಲುಗಳ ಮೇಲೆ ಜಿಗಿಯುತ್ತ ಮೇಯುತ್ತದೆ. ಮರಿಯನ್ನು ಹೊಟ್ಟೆಯ ಚೀಲದಲ್ಲಿ ಹೊರುತ್ತದೆ. ಆ ಚೀಲವೊಂದನ್ನು ಬಿಟ್ಟರೆ ಬಹುಮಟ್ಟಿಗೆ ಇದೇ ಸಂಸಾರ ನಡೆಸುವ ಜೀವಿ ನಮ್ಮ ಹೊಲಗಳಲ್ಲೇ ಉಂಟು. ಹಳೆಯ ಪ್ರಾಣಿಗ್ರಂಥಗಳು ಅದರ ಕನ್ನಡ ಹೆಸರನ್ನು ಬಿಲ ಇಲಿ ಎಂದು ಕೊಡುತ್ತವೆ. 1807ರಲ್ಲಿ ಹಾರ್ಡ್‌ವಿಕ್ ಇದನ್ನು ವಿವರಿಸಿದಾಗ ‘ಡೈಪಸ್’, ಎಂದರೆ ಇಕ್ಕಾಲಿನದು, ಎಂದು ಕರೆದ. ಕಾಲು ನಾಲ್ಕೇನೋ ಇವೆ. ಹಾರುವಾಗ ಕಾಣುವುದು ಎರಡೇ.

ಈ ಇಲಿಯ ಮನೆವಾರ್ತೆಯನ್ನು ವಿವರವಾಗಿ ಬರೆದಿಟ್ಟವನು ವಾಲ್ಟರ್ ಎಲಿಯಟ್. ಕನ್ನಡಿಗರಿಗೆ ಈತ ಅಪರಿಚಿತನಲ್ಲ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದಾಗ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಈತನೊಬ್ಬ. ಡಿಸೆಂಬರಿನಲ್ಲಿ ಬಿಡುಗಡೆಯಾದ. ಮುಂದೆ ಕರ್ನಾಟಕದ ಐನೂರಕ್ಕೂ ಮಿಕ್ಕ ಶಾಸನಗಳ ಪ್ರತಿ ಮಾಡಿಸಿದವನೂ ಈತನೇ. ಶಾಸನದ ಎಲಿಯಟ್ಟನನ್ನು ನಾವು ಓದಿಕೊಂಡೆವು. ಇಲಿಯ ಎಲಿಯಟ್ಟನನ್ನು ಮರೆತೆವು.

1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಧಾರವಾಡ ಸೀಮೆಯ ಪ್ರಾಣಿಗಳ ಪಟ್ಟಿಯನ್ನು ಆತ ಪ್ರಕಟಿಸಿದ. ಬಿಲ ಇಲಿಯ ಬಾಗಿಲುಗಳು ಹಲವು. ದಾರಿ ಎರಡು ಮೂರು ಅಡಿ ಇಳಿಜಾರಾಗಿ ಹೋಗಿ, ಅಡ್ಡಕ್ಕೆ ಹರಿದು, ಕವಲೊಡೆದು, ಒಣಹುಲ್ಲು ಹಾಸಿದ ಕೋಣೆಗಳಲ್ಲಿ ಮುಗಿಯುತ್ತದೆ. ಬೇಡವಾದ ಕೋಣೆಗೆ ಮಣ್ಣಿನ ಮುಚ್ಚಳ. ನಡುವಿನ ದೊಡ್ಡ ಕೋಣೆ ಎಲ್ಲರದು, ಚಿಕ್ಕವು ಮರಿಯಿರುವ ತಾಯಂದಿರವು. ಇದು ಒಡ್ಡರು ಹೇಳಿದ್ದೆಂದು ಎಲಿಯಟ್ ಪ್ರಾಮಾಣಿಕವಾಗಿಯೇ ಬರೆಯುತ್ತಾನೆ. ಈ ಇಲಿ ಕಾಳು ಕೂಡಿಡದು. ಸಂಜೆಗೆ ಹೊರಬಂದು, ಹಿಂಗಾಲೂರಿ ಕುಳಿತು ಸುತ್ತ ನೋಡಿ, ಬೆರಗಾಗುವಷ್ಟು ದೂರ ನೆಗೆದು, ಚೂರು ಸದ್ದಾದರೆ ಬಿಲ ಸೇರುತ್ತದೆ.

ಕೂಡಿಡುವುದು ‘ಕೊಕ್’ ಎಂಬ ಇನ್ನೊಂದು ಇಲಿ. ಅದರ ಬಿಲ ಅಗೆದು ಒಡ್ಡರು ಕಾಳು ತೆಗೆಯುತ್ತಿದ್ದರು. ಬಡತನಕ್ಕೆ ಇದಕ್ಕಿಂತ ನೇರವಾದ ಸಾಕ್ಷಿಯನ್ನು ಯಾವ ಶಾಸನದಲ್ಲಿಯೂ ನಾನು ಓದಿಲ್ಲ.

1826ರಲ್ಲಿ ಮುಂಗಾರು ಕೈಕೊಟ್ಟಿತು. ಎರೆಭೂಮಿಯ ಬಿರುಕುಗಳಲ್ಲಿ ‘ಮೆಟ್ಟಾಡ’ ಎಂಬ ಇಲಿಗಳು ಬೇಸಗೆ ಕಳೆಯುತ್ತವೆ. ಮಳೆ ಬಂದು ಬಿರುಕು ಮುಚ್ಚಿದರೆ ಬಹುಪಾಲು ಅಲ್ಲೇ ಸಾಯುತ್ತವೆ. ಆ ವರ್ಷ ಸಾಯಲಿಲ್ಲ. ಬಿತ್ತಿದ ಬೀಜ ತಿಂದವು. ಉಳಿದು ಬೆಳೆದ ಜೋಳದ ದಂಟನ್ನೇರಿ ತೆನೆ ಕತ್ತರಿಸಿದವು. ರೈತರು ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳೆಂದು ಒಡ್ಡರಿಗೆ ಗೊತ್ತುಮಾಡಿದರು. ಸಾವಿರಗಟ್ಟಲೆ ಕೊಂದರೂ ಇಲಿ ಕಡಿಮೆಯಾದಂತೆ ಕಾಣಲಿಲ್ಲ. ಕಂದಾಯ ಕಟ್ಟಲಾಗದ ಹೊಲಗಳನ್ನು ಎಲಿಯಟ್ ಕಣ್ಣಾರೆ ಕಂಡ. ಕಂದಾಯ ಎತ್ತುವ ಸರಕಾರದ ನೌಕರನೇ ಹೀಗೆ ಬರೆದಿರುವುದನ್ನು ಗಮನಿಸಬೇಕು.

ಬಿಲ ಅಗೆದು ತೋರಿಸಿದ ಒಡ್ಡರಲ್ಲಿ ಒಬ್ಬನ ಹೆಸರೂ ನಮಗೆ ಉಳಿದಿಲ್ಲ. ಅವರ ಮಾತು ಉಳಿದಿದೆ. 1837ರಲ್ಲಿ ಲಂಡನ್ನಿನ ಗ್ರೇ ಈ ಇಲಿಗಳಿಗೆ ಲ್ಯಾಟಿನ್ ಹೆಸರಿಟ್ಟಾಗ ಕನ್ನಡದ ‘ಗುಲಂದಿ’ ಗೊಲುಂಡಾ ಆಯಿತು. ‘ಮೆಟ್ಟಾಡ’ ಮೆಲ್ಟಾಡಾ ಆಯಿತು. ನಡುವೆ ಆ ಲಕಾರ ಹೇಗೆ ನುಸುಳಿತು? ಕೈಬರಹದ ಎರಡು ಟಕಾರಗಳಲ್ಲಿ ಮೊದಲನೆಯದರ ಅಡ್ಡಗೆರೆ ಕಾಣದೆ ಹೋಗಿರಬೇಕೆಂದು ನನ್ನ ಊಹೆ.