ಬಾಯಿ ಎಂಬ ಬಿರುದು

ಪುಣೆಯಲ್ಲಿ ನೆಲೆಸಿದ ಕನ್ನಡಿಗನನ್ನು ಮೊದಮೊದಲು ಚಕಿತಗೊಳಿಸುವ ಶಬ್ದಗಳಲ್ಲಿ ‘ಬಾಯಿ’ ಎಂಬುದು ಅಗ್ರಗಣ್ಯವಾದದ್ದು. ಶಾಲೆಯ ಮಗುವು ತನ್ನ ಅಧ್ಯಾಪಿಕೆಯನ್ನು ‘ಬಾಯಿ’ ಎಂದು ಕರೆಯುವದು. ಅದೇ ಮಗುವಿನ ತಾಯಿಯು ಮುಸುರೆ ತಿಕ್ಕಲು ಬರುವವಳನ್ನೂ ‘ಬಾಯಿ’ ಎಂದೇ ಕರೆಯುವಳು. ಧಾರವಾಡ ಬೆಳಗಾವಿಗಳ ಕಡೆಯವನ ಮನೆಯಲ್ಲಿ ರಾಧಾಬಾಯಿ, ತುಂಗಾಬಾಯಿಯರು ಇರುವದರಿಂದ ಅವನು ಇದಕ್ಕೆ ಬೇಗನೆ ಒಗ್ಗಿಕೊಳ್ಳುವನು. ಹೆಂಗಸರ ಹೆಸರಿಗೆ ‘ಅಮ್ಮ’ನನ್ನೋ ‘ಅಕ್ಕ’ನನ್ನೋ ಹಚ್ಚಿ ಬೆಳೆದ ಮಲೆನಾಡಿಗನು ಮಾತ್ರ ತನ್ನ ತುಟಿಯನ್ನೊಮ್ಮೆ ಮುಟ್ಟಿ ನೋಡಿಕೊಂಡರೆ ಆಶ್ಚರ್ಯವಿಲ್ಲ.

ಗೌರವಾರ್ಥವಾಗಿ ಹೆಸರಿನ ಬೆನ್ನಿಗೆ ಅಂಟಿಕೊಳ್ಳುವ ಈ ಪುಟ್ಟ ಶಬ್ದವು ಕಳೆದ ಶತಮಾನದ ಹಿಂದಿನ ಶತಮಾನದಲ್ಲಿಯೇ ಸಮುದ್ರವನ್ನು ದಾಟಿ ಅಮೆರಿಕಕ್ಕೆ ಹೋಯಿತು. ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಜತನದಿಂದ ಕಾಯ್ದಿಟ್ಟ ಭಾವಚಿತ್ರವೊಂದು 1885ನೆಯ ಅಕ್ಟೋಬರ್ 10ರದು. ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಮೂವರು ವಿದ್ಯಾರ್ಥಿನಿಯರು, ಜಪಾನಿನ ಕೇಯಿ ಒಕಾಮಿ, ಸಿರಿಯಾದ ಇಸ್ಲಾಂಬೂಲಿ, ನಮ್ಮ ದೇಶದ ಆನಂದಿಬಾಯಿ ಜೋಶಿ, ಅದರಲ್ಲಿ ಸ್ವದೇಶೀಯ ವೇಷಗಳನ್ನೇ ಧರಿಸಿ ಕುಳಿತಿರುವರು. ಸೀರೆಯುಟ್ಟ ಆ ತರುಣಿಯು ತವರಿನಲ್ಲಿ ಯಮುನೆ. ಒಂಬತ್ತನೆಯ ವಯಸ್ಸಿನಲ್ಲಿ ಅಂಚೆ ಕಚೇರಿಯ ನೌಕರನಾದ ಗೋಪಾಲರಾವ್ ಜೋಶಿಯ ಕೈಹಿಡಿದಾಗ ಆನಂದಿಯಾದಳು. ಗಂಡನ ಹೆಸರಿಗೆ ‘ರಾವ್’ ಹೇಗೋ ಹಾಗೆ ಹೆಂಡತಿಯ ಹೆಸರಿಗೆ ‘ಬಾಯಿ’. ಊರಿನಲ್ಲಾದರೆ ಈ ಪ್ರತ್ಯಯವನ್ನು ಕಿರಿಯರು ಹಚ್ಚುವರು, ಹಿರಿಯರು ಬಿಡುವರು, ತನ್ನ ಬಾಯಿಂದ ತಾನೇ ಹೇಳಿಕೊಳ್ಳುವ ಪ್ರಸಂಗವಂತೂ ವಿರಳ. ಅಮೆರಿಕೆಯಲ್ಲಿ ಈ ಸೂಕ್ಷ್ಮವನ್ನು ಬಲ್ಲವರು ಯಾರು? ಬಿರುದು ಹೆಸರಿನಲ್ಲಿ ಬೆರೆತುಹೋಗಿ, ಬಿಡಿಸಲು ಬಾರದಂತಾಯಿತು.

ಆಕೆಯನ್ನು ಅಲ್ಲಿಗೆ ಕರೆಯಿಸಿಕೊಂಡದ್ದೂ ಕಾಗದಗಳೇ. ಗೋಪಾಲರಾಯನು ಹೆಂಡತಿಯ ಓದಿಗಾಗಿ ಮಿಶನರಿಯೊಬ್ಬರಿಗೆ ಬರೆದ ಪತ್ರವು ಅವರ ಪತ್ರಿಕೆಯಲ್ಲಿ ಅಚ್ಚಾಗಿ, 1880ರಲ್ಲಿ, ನ್ಯೂಜೆರ್ಸಿಯ ರೋಸೆಲ್ ಗ್ರಾಮದ ಥಿಯೋಡಿಸಿಯಾ ಕಾರ್ಪೆಂಟರ್ ಎಂಬ ಗೃಹಿಣಿಯು ದಂತವೈದ್ಯನ ಸರದಿಯನ್ನು ಕಾಯುತ್ತ ಕುಳಿತಾಗ ಅವಳ ಕಣ್ಣಿಗೆ ಬಿತ್ತು. ಹಲ್ಲುನೋವು ಎಂಥೆಂಥ ಉಪಕಾರಗಳನ್ನು ಮಾಡೀತೆಂದು ಯಾರು ಕಂಡಿದ್ದಾರೆ! ಅಂದಿನಿಂದ ನಡೆದ ಪತ್ರವ್ಯವಹಾರದ ಬಲದಿಂದಲೇ 1883ರಲ್ಲಿ ಆನಂದಿಯು ಕಲಕತ್ತೆಯಲ್ಲಿ ಹಡಗನ್ನೇರಿದಳು.

ಇನ್ನೊಬ್ಬ ‘ಬಾಯಿ’ಯ ವೃತ್ತಾಂತವು ಕನ್ನಡಿಗರಿಗೆ ಮತ್ತಷ್ಟು ಹತ್ತಿರದ್ದು. ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ, ತುಂಗಾಭದ್ರೆಯರೂ ನೇತ್ರಾವತಿಯೂ ಹುಟ್ಟುವ ಗಂಗಾಮೂಲದ ಅರಣ್ಯದಲ್ಲಿ, 1858ರಲ್ಲಿ ಜನಿಸಿದ ಆ ಕೂಸಿನ ಹೆಸರು ಬರಿಯ ರಮಾ. ಕಲಕತ್ತೆಯ ವಿದ್ವಾಂಸರು ‘ಪಂಡಿತಾ’ ಎಂದರು, ‘ಸರಸ್ವತಿ’ ಎಂದರು. 1882ರಲ್ಲಿ ಪುಣೆಗೆ ಬಂದ ವಿಧವೆಯನ್ನು ಪುಣೆಯು ‘ರಮಾಬಾಯಿ’ ಎಂದಿತು. ಮರುವರ್ಷ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವಾದಾಗ ‘ಮೇರಿ ರಮಾ’ ಎಂಬ ಹೆಸರಾಯಿತು, ಅಂದರೆ ಪಾದ್ರಿಗಳು ಬಾಯಿಯನ್ನು ಕೈಬಿಟ್ಟರು. ದೂರದ ಬಂಧುವಾದ ಆನಂದಿಬಾಯಿಗೆ ಪದವಿ ದೊರೆಯುವದನ್ನು ನೋಡಲೆಂದು 1886ನೆಯ ಮಾರ್ಚ್ 11ಕ್ಕೆ ಆಕೆ ಫಿಲಡೆಲ್ಫಿಯಾದಲ್ಲಿದ್ದಳು; ಅಲ್ಲಿಂದ ಮುಂದೆ ಕೈಬಿಟ್ಟ ಶಬ್ದವು ವಿಜೃಂಭಿಸಿದ್ದು ನೋಡಿದರೆ ವಿಸ್ಮಯವಾಗುವದು. 1887ರ ಡಿಸೆಂಬರಿನಲ್ಲಿ ಬೋಸ್ಟನ್ನಿನಲ್ಲಿ ‘ರಮಾಬಾಯಿ ಅಸೋಸಿಯೇಶನ್’ ಹುಟ್ಟಿತು. ಊರೂರಿನಲ್ಲಿ ‘ರಮಾಬಾಯಿ ಸರ್ಕಲ್’ಗಳು ಹಬ್ಬಿ, ಅವುಗಳ ಸದಸ್ಯರು ಇಲ್ಲಿಯ ಬಾಲವಿಧವೆಯರ ವಿದ್ಯೆಗಾಗಿ ಹತ್ತು ವರ್ಷ ವರ್ಷಕ್ಕೊಂದು ಡಾಲರ್ ಕೊಡುವ ಸಂಕಲ್ಪ ತೊಟ್ಟರು. ಮಹಾರಾಷ್ಟ್ರದ ಅಂಗಳದ ಸಂಬೋಧನೆಯೊಂದು ಹೀಗೆ ಸಂಸ್ಥೆಯ ನಾಮಫಲಕಕ್ಕೆ ಏರಿತು.

ಪದವೀಧರೆಯಾದ ಆನಂದಿಬಾಯಿ ಊರಿಗೆ ಮರಳಿ, ಕ್ಷಯಪೀಡಿತಳಾಗಿ, 1887ನೆಯ ಫೆಬ್ರುವರಿ 26ರಂದು ಪುಣೆಯಲ್ಲಿಯೇ ತೀರಿಕೊಂಡಳು, ಇಪ್ಪತ್ತೆರಡು ತುಂಬಿರಲಿಲ್ಲ. ಅವಳ ಚಿತಾಭಸ್ಮವು ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ, ಕಾರ್ಪೆಂಟರ್ ಮನೆತನದವರ ರುದ್ರಭೂಮಿಯಲ್ಲಿದೆ. ಮರುವರ್ಷ ಕ್ಯಾರೊಲಿನ್ ಡಾಲ್ ಎಂಬ ಲೇಖಕಿಯು ಬೋಸ್ಟನ್ನಿನಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಆನಂದಿಯು ‘ಆನಂದಾಬಾಯಿ’ ಆಗಿರುವಳು; ಶೀರ್ಷಿಕೆಯಲ್ಲಿಯೇ ‘ಪಂಡಿತಾ ರಮಾಬಾಯಿಯ ಬಂಧು’ ಎಂಬ ಒಕ್ಕಣೆ ಬೇರೆ. ಹೆಸರಿನ ಮೂಲವು ಕೆಟ್ಟರೂ ಬಾಲವು ಕೆಡಲಿಲ್ಲ. ಅಲ್ಲಿಯ ಓದುಗರು ಇಬ್ಬರಿಗೂ ಸಮಾನವಾದ ಆ ಬಾಲವನ್ನು ಕುಲನಾಮವೆಂದೇ ತಿಳಿದಿದ್ದರೂ ನಾನು ಅವರನ್ನು ಆಕ್ಷೇಪಿಸಲಾರೆ. ಪುಣೆಯಲ್ಲಿಯೇ ಆಗ ನ್ಯಾಯಮೂರ್ತಿ ರಾನಡೆಯವರ ಪತ್ನಿ ಇನ್ನೊಬ್ಬ ರಮಾಬಾಯಿಯಿದ್ದು, ಆಕೆಯೂ ತವರಿನಲ್ಲಿ ಯಮುನೆಯೇ ಆಗಿದ್ದಳೆಂಬುದನ್ನು ಅವರಿಗೆ ಯಾರು ವಿವರಿಸಬೇಕು?

1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ತೆರೆದು ಮುಂದೆ ಪುಣೆಗೆ ಬಂದ ಶಾರದಾ ಸದನವೆಂಬ ವಿಧವೆಯರ ಶಾಲೆಯು ‘ರಮಾಬಾಯಿ ಸರ್ಕಲ್’ಗಳ ಆ ಡಾಲರುಗಳ ಫಲ. ರಮಾಬಾಯಿಯ ಮಗಳೂ ‘ಬಾಯಿ’ಯನ್ನು ಬಿಡಲಿಲ್ಲ. ತಂದೆ ಬಂಗಾಲಿ, ಓದು ಅಮೆರಿಕೆಯಲ್ಲಿ, ಆದರೂ ಮನೋರಮೆಯು ಮನೋರಮಾಬಾಯಿಯಾಗಿಯೇ ಉಳಿದು, 1912ರಲ್ಲಿ ತಾಯಿಯ ಶಾಲೆಯೊಂದು ನಿಜಾಮರ ಸೀಮೆಯ ಗುಲಬರ್ಗೆಯಲ್ಲಿ ಆರಂಭವಾದಾಗ ಅದರ ಮುಖ್ಯಾಧ್ಯಾಪಿಕೆಯಾದಳು.