ಜೀವಂತ ಮರಗಳಲ್ಲಿ ಕಟ್ಟಿಗೆಯ ಕೊಳೆತ: ಶಿಲೀಂಧ್ರಗಳ ರಾಸಾಯನಿಕ ಕ್ರಿಯೆ

ಹಸಿರೆಲೆಗಳಿಂದ ಕೂಡಿದ ಮರವು ಗಾಳಿಮಳೆಗೆ ಬುಡಸಹಿತ ಉರುಳಿದಾಗ ಅದರ ಒಳಭಾಗವು ಟೊಳ್ಳಾಗಿರುವುದು ಹಲವು ಬಾರಿ ಕಂಡುಬರುತ್ತದೆ. ಇದಕ್ಕೆ ಮುಖ್ಯ ಕಾರಣ ಕಟ್ಟಿಗೆಯನ್ನು ಕೊಳೆಸುವ ಶಿಲೀಂಧ್ರಗಳು. ಈ ಕುರಿತು ಸಾರ್ವಜನಿಕರ ತಿಳುವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಕಟ್ಟಿಗೆಯ ರಚನೆ
ಕಟ್ಟಿಗೆಯು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಮೂರು ಪ್ರಮುಖ ವಸ್ತುಗಳಿಂದ ಕೂಡಿದೆ. ಒಣ ತೂಕದಲ್ಲಿ ಸೆಲ್ಯುಲೋಸ್ ಸುಮಾರು ಶೇ. 40ರಿಂದ 50ರಷ್ಟು, ಲಿಗ್ನಿನ್ ಸುಮಾರು ಶೇ. 20ರಿಂದ 30ರಷ್ಟು ಇರುತ್ತದೆ. ಸೆಲ್ಯುಲೋಸ್ ನಾರಿನಂತೆ ಎಳೆತವನ್ನು ತಾಳುತ್ತದೆ; ಲಿಗ್ನಿನ್ ಆ ನಾರುಗಳನ್ನು ಬಂಧಿಸಿ ಗಡಸುತನ ನೀಡುತ್ತದೆ.

2. ಪ್ರವೇಶ
ಆರೋಗ್ಯವಂತ ತೊಗಟೆಯು ಶಿಲೀಂಧ್ರಕ್ಕೆ ತಡೆಯಾಗಿದೆ. ಮುರಿದ ಕೊಂಬೆ, ಕತ್ತರಿಸಿದ ಬೇರು, ಬೆಂಕಿ ಅಥವಾ ವಾಹನದ ಪೆಟ್ಟಿನಿಂದಾದ ಗಾಯಗಳೇ ಅದರ ಪ್ರವೇಶದ್ವಾರಗಳು. ಮರದ ನಡುವಿನ ಚೇಗಿನಲ್ಲಿ ಜೀವಕೋಶಗಳಿಲ್ಲದ ಕಾರಣ ಅಲ್ಲಿ ಸಕ್ರಿಯ ಪ್ರತಿರೋಧವಿರುವುದಿಲ್ಲ. ನೀರನ್ನು ಸಾಗಿಸುವ ಹೊರಭಾಗವು ಸುಸ್ಥಿತಿಯಲ್ಲಿರುವವರೆಗೆ ಎಲೆಗಳು ಹಸಿರಾಗಿಯೇ ಉಳಿಯುತ್ತವೆ.

3. ಬಿಳಿ ಕೊಳೆತ
ಈ ಗುಂಪಿನ ಶಿಲೀಂಧ್ರಗಳು ಲಿಗ್ನಿನ್ ಪೆರಾಕ್ಸಿಡೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್, ಲ್ಯಾಕೇಸ್ ಮುಂತಾದ ಕಿಣ್ವಗಳನ್ನು ಸ್ರವಿಸಿ ಲಿಗ್ನಿನ್ ಅನ್ನು ಉತ್ಕರ್ಷಣೆಯಿಂದ ಒಡೆಯುತ್ತವೆ. ಲಿಗ್ನಿನ್ ಪೆರಾಕ್ಸಿಡೇಸ್ ಕಿಣ್ವವನ್ನು 1983ರಲ್ಲಿ ಫ್ಯಾನೆರೊಕೀಟ್ ಕ್ರೈಸೋಸ್ಪೋರಿಯಂ ಎಂಬ ಶಿಲೀಂಧ್ರದಲ್ಲಿ ಗುರುತಿಸಲಾಯಿತು. ಕೊಳೆತ ಕಟ್ಟಿಗೆಯು ಬಿಳಿಚಿಕೊಂಡು ನಾರುನಾರಾಗಿ ಅಥವಾ ಸ್ಪಂಜಿನಂತೆ ಮೆತ್ತಗಾಗುತ್ತದೆ. ಗುಲ್‌ಮೊಹರ್ ಮುಂತಾದ ಮರಗಳ ಬುಡದಲ್ಲಿ ಕಾಣುವ ಗ್ಯಾನೊಡರ್ಮ ಅಣಬೆಯು ಈ ಗುಂಪಿಗೆ ಸೇರಿದೆ.

4. ಕಂದು ಕೊಳೆತ
ಕಿಣ್ವಗಳ ಅಣುಗಳು ದೊಡ್ಡವಾಗಿದ್ದು, ಕೆಡದ ಕೋಶಭಿತ್ತಿಯೊಳಗೆ ನುಸುಳಲಾರವು. ಆದ್ದರಿಂದ ಈ ಗುಂಪಿನ ಶಿಲೀಂಧ್ರಗಳು ಮೊದಲು ಸಣ್ಣ ಅಣುಗಳನ್ನು ಬಳಸುತ್ತವೆ. ಅನೇಕ ಪ್ರಭೇದಗಳು ಆಕ್ಸಾಲಿಕ್ ಆಮ್ಲವನ್ನು ಸ್ರವಿಸಿ ಕಟ್ಟಿಗೆಯಲ್ಲಿರುವ ಕಬ್ಬಿಣದ ಅಂಶವನ್ನು ಕರಗಿಸುತ್ತವೆ. ಈ ಕಬ್ಬಿಣವು ಹೈಡ್ರೋಜನ್ ಪೆರಾಕ್ಸೈಡ್‌ನೊಂದಿಗೆ ವರ್ತಿಸಿದಾಗ ಉಂಟಾಗುವ ತೀವ್ರ ಕ್ರಿಯಾಶೀಲ ಹೈಡ್ರಾಕ್ಸಿಲ್ ರಾಡಿಕಲ್‌ಗಳು ಸೆಲ್ಯುಲೋಸ್ ಸರಪಳಿಗಳನ್ನು ತುಂಡರಿಸುತ್ತವೆ. ಲಿಗ್ನಿನ್ ಮಾರ್ಪಾಟುಗೊಂಡು ಬಹುಮಟ್ಟಿಗೆ ಉಳಿಯುವುದರಿಂದ ಕಟ್ಟಿಗೆಯು ಕಂದುಬಣ್ಣಕ್ಕೆ ತಿರುಗಿ ಘನಾಕಾರದ ತುಂಡುಗಳಾಗಿ ಬಿರಿಯುತ್ತದೆ. ತೂಕದಲ್ಲಿ ಅಲ್ಪ ನಷ್ಟವಾಗುವಷ್ಟರಲ್ಲೇ ಬಲವು ಬಹುಪಾಲು ಕುಂದುವುದರಿಂದ ಇದು ಹೆಚ್ಚು ಅಪಾಯಕಾರಿ.

5. ಮರದ ರಕ್ಷಣಾ ವ್ಯವಸ್ಥೆ
ಮರವು ಕೊಳೆತ ಭಾಗವನ್ನು ಗುಣಪಡಿಸುವುದಿಲ್ಲ. ಅದರ ಸುತ್ತ ರಾಸಾಯನಿಕ ತಡೆಗೋಡೆಗಳನ್ನು ನಿರ್ಮಿಸಿ ಪ್ರತ್ಯೇಕಿಸುತ್ತದೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ 1977ರಲ್ಲಿ ಈ ವಿವರಣೆಯನ್ನು ಪ್ರಕಟಿಸಿದರು. ಗಾಯದ ನಂತರ ಬೆಳೆಯುವ ಹೊಸ ಕಟ್ಟಿಗೆಯನ್ನು ಬೇರ್ಪಡಿಸುವ ಗೋಡೆಯೇ ಇವುಗಳಲ್ಲಿ ಅತ್ಯಂತ ಬಲವಾದದ್ದು.

6. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು
(ಅ) ಬುಡದಲ್ಲಿ ಅಣಬೆ ಕಾಣಿಸಿಕೊಂಡಲ್ಲಿ, ಒಳಗಿನ ಕೊಳೆತವು ಈಗಾಗಲೇ ಮುಂದುವರೆದಿದೆ ಎಂದು ತಿಳಿಯತಕ್ಕದ್ದು. ಅಣಬೆಯನ್ನು ಕಿತ್ತುಹಾಕುವುದರಿಂದ ಕೊಳೆತ ನಿಲ್ಲುವುದಿಲ್ಲ.
(ಆ) ಕೊಂಬೆಯನ್ನು ಅದರ ಬುಡದ ಉಬ್ಬಿಗೆ ಧಕ್ಕೆಯಾಗದಂತೆ, ಮೋಟು ಉಳಿಸದೆ ಕತ್ತರಿಸಬೇಕು.
(ಇ) ಗಾಯಕ್ಕೆ ಟಾರು ಬಳಿಯುವುದು, ಪೊಟರೆಗೆ ಸಿಮೆಂಟ್ ತುಂಬುವುದು ಕೊಳೆತವನ್ನು ತಡೆಯುವುದಿಲ್ಲ.
(ಈ) ಮೊಳೆ ಹೊಡೆಯುವುದು, ಕಾಮಗಾರಿಗಾಗಿ ಮುಖ್ಯ ಬೇರುಗಳನ್ನು ಕಡಿಯುವುದು ಸಲ್ಲದು.
(ಉ) ಪೊಟರೆಯಿರುವ ಮರಗಳೆಲ್ಲವೂ ಅಪಾಯಕಾರಿಯಲ್ಲ. ಸುತ್ತ ಉಳಿದಿರುವ ಗಟ್ಟಿ ಕಟ್ಟಿಗೆಯ ದಪ್ಪವನ್ನು ತಜ್ಞರು ಪರೀಕ್ಷಿಸಿದ ನಂತರವೇ ತೀರ್ಮಾನಿಸಬೇಕು.

ಕರ್ನಾಟಕದಲ್ಲಿ ಮರ ಕಡಿಯುವುದನ್ನು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ನಿಯಂತ್ರಿಸುತ್ತದೆ. ಅಪಾಯದ ಶಂಕೆಯಿರುವ ಮರಗಳ ಬಗ್ಗೆ ಸಂಬಂಧಪಟ್ಟ ವೃಕ್ಷ ಅಧಿಕಾರಿಗಳ ಗಮನಕ್ಕೆ ತರಲು ಕೋರಲಾಗಿದೆ.