ಮೊಳೆಯಿಲ್ಲದ ತೊಟ್ಟಿಲು

ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ನನ್ನ ತಾಯಿಯ ತವರು. ಅಲ್ಲಿ ಅಜ್ಜಿಯ ಮನೆಯ ಅಟ್ಟದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿದ ಮರದ ತುಂಡುಗಳ ಕಟ್ಟೊಂದಿತ್ತು. ಚಿಕ್ಕವಳಿದ್ದಾಗ ಸೌದೆಯೆಂದು ತಿಳಿದು ಒಲೆಯ ಬಳಿ ತಂದಿಟ್ಟು ಬೈಸಿಕೊಂಡಿದ್ದೆ. ಅದು ತೊಟ್ಟಿಲು! ಕೇರಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಆ ಕಟ್ಟು ಅಟ್ಟದಿಂದಿಳಿದು, ಯಾರದೋ ತಲೆಯ ಮೇಲೇರಿ ಹೊರಟುಬಿಡುತ್ತಿತ್ತು. ಕೂಸು ಅಂಬೆಗಾಲಿಡುವ ಹೊತ್ತಿಗೆ ಎಲೆ ಅಡಿಕೆಯೊಂದಿಗೆ ಹಿಂದಿರುಗುತ್ತಿತ್ತು.

ಅದನ್ನು ಜೋಡಿಸುವುದು ಅಜ್ಜಿಯದೇ ಕೆಲಸ. ಪಟ್ಟಿಯ ತುದಿಯನ್ನು ಆಚಾರಿ ನಾಲಗೆಯಂತೆ ಕೆತ್ತಿದ್ದ. ಕಾಲಿನಲ್ಲಿ ಅದಕ್ಕೆ ಸರಿಯಾದ ಚೌಕದ ತೂತು. ನಾಲಗೆ ತೂತು ದಾಟಿ ಆಚೆ ಇಣುಕಿದಾಗ ಅದಕ್ಕೊಂದು ಬೆಣೆ ಹಾಕಿ, ಒರಳುಗುಂಡಿನಿಂದ ಎರಡು ಏಟು. ಒಂದು ಮೊಳೆಯಿಲ್ಲ, ಅಂಟಿಲ್ಲ. ಬಿಚ್ಚಬೇಕಾದರೆ ಬೆಣೆಗೆ ಅತ್ತಲಿಂದ ಒಂದು ಏಟು ಕೊಟ್ಟರಾಯಿತು.

ಈ ಉಪಾಯ ತಾಳ್ಯದ ಆಚಾರಿಯದೇ ಎಂದು ನಾನು ಬಹುಕಾಲ ನಂಬಿದ್ದೆ. ಚೀನಾದ ಝೆಜಿಯಾಂಗ್ ಪ್ರಾಂತದ ಹೆಮುಡು ಎಂಬಲ್ಲಿ 1973ರಲ್ಲಿ ಅಗೆಯತೊಡಗಿದಾಗ, ಸುಮಾರು 7000 ವರ್ಷಗಳ ಹಿಂದಿನ ಮನೆಗಳ ಮರಗಳಲ್ಲಿ ಇದೇ ನಾಲಗೆ, ಇದೇ ತೂತು ಸಿಕ್ಕವೆಂದು ಆಮೇಲೆ ಓದಿದೆ. ಆಗ ಅಲ್ಲಿ ಲೋಹದ ಉಳಿಯೇ ಇರಲಿಲ್ಲ. ಕಲ್ಲು, ಮೂಳೆಗಳಿಂದಲೇ ಕೊರೆದಿದ್ದರು. ಮುಂದೆ ಮಿಂಗ್ ಅರಸರ ಕಾಲದ ಕುರ್ಚಿ, ಮೇಜು, ಬೀರುಗಳಲ್ಲಿ ಈ ಕೂಡಿಕೆ ಎಷ್ಟು ನಯವಾಯಿತೆಂದರೆ ಬೆಸೆದ ಜಾಗ ಹುಡುಕಿದರೂ ಕಾಣದು. ಅದೇ ದೇಶದ ಯಿಂಗ್‌ಶಿಯಾನ್‌ನಲ್ಲಿ 1056ರಲ್ಲಿ ಕಟ್ಟಿದ ಮರದ ಬೌದ್ಧ ಗೋಪುರ 67 ಮೀಟರ್ ಎತ್ತರವಿದೆ. ಎಷ್ಟೋ ಭೂಕಂಪಗಳನ್ನು ಕಂಡೂ ನಿಂತಿದೆ. ಬೇಲೂರಿನಲ್ಲಿ 1117ರ ಗುಡಿಯನ್ನು ಕಟ್ಟಿದವರೂ ಗಾರೆಯನ್ನು ನೆಚ್ಚದೆ, ಬಡಗಿಯ ಈ ಜಾಣ್ಮೆಯನ್ನೇ ಕಲ್ಲಿಗೆ ತಂದರು.

ಕಬ್ಬಿಣ ಸಿಗದೆ ಹೀಗೆ ಮಾಡಿದರೇ? ನಮ್ಮ ಸೀಮೆಯ ಮಟ್ಟಿಗಂತೂ ಅಲ್ಲ. 1800-01ರಲ್ಲಿ ಇಲ್ಲೆಲ್ಲ ಸುತ್ತಿದ ಬುಕನನ್, ಹೊಸದುರ್ಗದ ಕಡೆಯ ಮತ್ತೋಡಿನ ಸುತ್ತ ಅದಿರು ಕರಗಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. (ಅದೇ ಮತ್ತೋಡಿನ ಗಾಜಿನ ಬಳೆಗಳ ಬಗೆಗೂ ಬರೆದಿದ್ದಾನೆ, ಕಬ್ಬಿಣಕ್ಕಿಂತ ನನಗೆ ಆ ಪುಟವೇ ಹಿಡಿಸಿತು.) ಕಾರಣ ಮರದ ಸ್ವಭಾವದಲ್ಲೇ ಇದೆ. ಕಡಿದು ಎಷ್ಟು ವರ್ಷವಾದರೂ ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮರದ ನಾಲಗೆ ಮರದ ತೂತಿನೊಂದಿಗೆ ಹೊಂದಿಕೊಂಡು ಹೋಗುತ್ತದೆ. ಮೊಳೆಗೆ ಆ ಗುಣವಿಲ್ಲ. ಒಂದೋ ಸಡಿಲವಾಗುತ್ತದೆ, ಇಲ್ಲವೇ ಮರವನ್ನೇ ಸೀಳುತ್ತದೆ.

ಇದು ನನಗೆ ತಿಳಿದದ್ದು ತಡವಾಗಿ. ನನ್ನ ಮಗಳ ನಾಮಕರಣಕ್ಕೆ ತೊಟ್ಟಿಲನ್ನು ಚಿತ್ರದುರ್ಗಕ್ಕೆ ತರಿಸಿದಾಗ ಬಸ್ಸಿನಲ್ಲಿ ಎರಡು ಬೆಣೆ ಕಳೆದುಹೋದವು. ಹೊತ್ತು ಮೀರುತ್ತಿತ್ತು, ನೆಂಟರು ಬಂದಾಗಿತ್ತು. ನಾನೇ ಬಡಗಿಯನ್ನು ಕರೆಸಿ ನಾಲ್ಕು ಮೊಳೆ ಹೊಡೆಸಿದೆ. ಗಟ್ಟಿಯಾಯಿತೆಂದು ಬೀಗಿದ್ದೂ ಉಂಟು.

ಆ ವರ್ಷದ ಚೈತ್ರದಲ್ಲಿ ಒಂದು ಕಾಲು ಉದ್ದಕ್ಕೂ ಸೀಳಿತು. ಅದಕ್ಕಿಂತ ನೋವಾದದ್ದು, ಸೋದರಮಾವನ ಸೊಸೆಗೆ ಮಗುವಾಗಿ ತಾಳ್ಯದಿಂದ ತೊಟ್ಟಿಲಿಗೆ ಹೇಳಿ ಕಳಿಸಿದಾಗ. ಮೊಳೆ ಕಿತ್ತರೆ ಪಟ್ಟಿಯೂ ಒಡೆಯುವಂತಿತ್ತು. ಹಾಗೇ ಕಳಿಸೋಣವೆಂದರೆ ಬಸ್ಸಿನ ಬಾಗಿಲು ಹಿಡಿಸದು. ಅವರು ಅಂಗಡಿಯಿಂದ ಕಬ್ಬಿಣದ ತೊಟ್ಟಿಲು ತಂದರು. ಅಜ್ಜಿ ನನಗೆ ಏನೂ ಅನ್ನಲಿಲ್ಲ. ಅಟ್ಟದ ಮೇಲಿದ್ದ ಆ ಸೀರೆಯನ್ನು ಒಗೆಸಿ, ಮಡಿಸಿ, ನನ್ನ ಚೀಲದಲ್ಲಿಟ್ಟರು.